ಶಾಸನದ ಚಳಿ ಎಲ್ಲಿದೆ? ಉತ್ತರಾಯಣ ಸಂಕ್ರಾಂತಿಯನ್ನು ಓದುವ ಬಗೆ

ಕನ್ನಡ ದಾನಶಾಸನಗಳನ್ನು ಓದುವವರಿಗೆ ‘ಉತ್ತರಾಯಣ ಸಂಕ್ರಾಂತಿ’ ಅನ್ನೋ ಮಾತು ಹೊಸದೇನಲ್ಲ. ಗ್ರಹಣ, ವ್ಯತೀಪಾತ, ಹುಣ್ಣಿಮೆಗಳ ಹಾಗೆ ಅದೂ ದಾನಕ್ಕೆ ಒದಗಿದ ಒಂದು ಪುಣ್ಯಕಾಲ. ಆದರೆ ಊರಿನ ಚರಿತ್ರೆ ಹೇಳುವ ಪುಸ್ತಿಕೆಗಳಲ್ಲಿ, ದೇವಸ್ಥಾನದ ಮುಂದಿನ ಫಲಕಗಳಲ್ಲಿ ಈ ಮಾತಿಗೆ ಎರಡು ಬಗೆಯ ವ್ಯಾಖ್ಯಾನ ಮತ್ತೆ ಮತ್ತೆ ಕಾಣುತ್ತೆ. ಒಂದು, ‘ಅಂದರೆ ಜನವರಿ 14’ ಅಂತ ನೇರವಾಗಿ ಬರೆದುಬಿಡೋದು. ಇನ್ನೊಂದು, ಮಾಗಿಯ ಮಂಜು, ಸುಗ್ಗಿಯ ಸಂಭ್ರಮ, ಬೆಳೆದು ನಿಂತ ಗದ್ದೆ ಇವನ್ನೆಲ್ಲ ಸೇರಿಸಿ, ಆ ಋತುವಿನ ಸೊಗಸಿಗೆ ಮನಸೋತು ಅರಸ ಭೂಮಿ ಬಿಟ್ಟ ಎಂಬಂತೆ ಚಿತ್ರ ಕಟ್ಟೋದು.

ಮೊದಲನೆಯದು ಲೆಕ್ಕದ ತಪ್ಪು, ಎರಡನೆಯದು ಓದಿನ ತಪ್ಪು. ಎರಡಕ್ಕೂ ಬೇರು ಒಂದೇ. ಪಂಚಾಂಗದ ಚಳಿಗಾಲ, ಕಾವ್ಯದ ಚಳಿಗಾಲ, ಮೈಗೆ ತಾಗುವ ಚಳಿಗಾಲ ಈ ಮೂರೂ ಬೇರೆ ಬೇರೆ. ಅವನ್ನು ಒಂದೇ ಅಂತ ತಿಳಿದಾಗ ಈ ತಪ್ಪುಗಳು ಹುಟ್ಟುತ್ತವೆ. ಬನವಾಸಿ ನಾಡು ಒಂದನ್ನೇ ತೆಗೆದುಕೊಂಡು ಇದನ್ನು ಬಿಡಿಸಿ ನೋಡಬಹುದು. ಅಲ್ಲಿ ಮೂರಕ್ಕೂ ಸಾಕ್ಷಿ ಇದೆ.

ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆ ಇದೆ. ಅದರ ಮೇಲಿನ ಪ್ರಾಕೃತ ಶಾಸನ ಚುಟು ಮನೆತನದ ಸಾತಕರ್ಣಿಯ ಕಾಲದ್ದು, ಕದಂಬರಿಗಿಂತ ಹಿಂದಿನದು. ನಾಗಪ್ರತಿಮೆ, ಕೆರೆ, ವಿಹಾರ ಇವುಗಳ ದಾನವನ್ನು ಅದು ಹೇಳುತ್ತೆ. ಕಾಲ ಹೇಳುವಾಗ ಅಲ್ಲಿ ಮಾಸದ ಹೆಸರಿಲ್ಲ, ಶಕವರ್ಷವಿಲ್ಲ. ಇರೋದು ಆಳ್ವಿಕೆಯ 12ನೇ ವರ್ಷ, ಹೇಮಂತದ 7ನೇ ಪಕ್ಷ, 1ನೇ ದಿನ. ಸಾತವಾಹನರ ಕಾಲದಿಂದ ಬಂದ ಪದ್ಧತಿ ಇದು. ಅದರಲ್ಲಿ ವರ್ಷಕ್ಕೆ ಆರು ಋತು ಅಲ್ಲ, ಮೂರೇ: ಗ್ರೀಷ್ಮ, ವರ್ಷಾ, ಹೇಮಂತ. ಒಂದೊಂದಕ್ಕೆ ನಾಲ್ಕು ತಿಂಗಳು, ಅಂದರೆ ಎಂಟು ಪಕ್ಷ.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಹೇಮಂತ’ ಅನ್ನೋ ಪದ ಕಂಡ ಕೂಡಲೇ ಮಾರ್ಗಶಿರ–ಪುಷ್ಯ ಅಂತ ಬರೆದರೆ ಕೆಟ್ಟಿತು. ಆರು ಋತುಗಳ ಪಟ್ಟಿಯಲ್ಲಿ ಹೇಮಂತಕ್ಕೆ ಎರಡೇ ತಿಂಗಳು, ನಾಲ್ಕೇ ಪಕ್ಷ. ಅಲ್ಲಿ ಏಳನೇ ಪಕ್ಷಕ್ಕೆ ಜಾಗವೇ ಇಲ್ಲ. ನಾಲ್ಕು ತಿಂಗಳ ಹೇಮಂತದಲ್ಲಿ ಏಳನೇ ಪಕ್ಷ ಅಂದರೆ ಕೊನೆಯ ತಿಂಗಳು, ಫಾಲ್ಗುಣದ ಸುಮಾರು. ಆರು ಋತುಗಳ ಲೆಕ್ಕದಲ್ಲಿ ಅದು ಶಿಶಿರದ ಕೊನೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಹೆಚ್ಚುಕಮ್ಮಿ ಆ ದಿನಗಳು. ಪದ ಒಂದೇ ಆದರೂ ಅಳತೆಗೋಲು ಬೇರೆ. ಇಂಜಿನಿಯರುಗಳ ಭಾಷೆಯಲ್ಲಿ ಹೇಳೋದಾದರೆ, ಯೂನಿಟ್ ನೋಡದೆ ಬರೀ ಸಂಖ್ಯೆ ಓದಿದ ಹಾಗೆ.

ಮುಂದಿನ ಶತಮಾನಗಳಲ್ಲಿ ಕಾಲ ಹೇಳುವ ಸಾಲಿನಿಂದ ಋತು ಹಿಂದೆ ಸರಿಯಿತು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಬಂದವು. ಪುಣ್ಯಕಾಲವಿದ್ದರೆ ಸಂಕ್ರಾಂತಿಯೋ ಗ್ರಹಣವೋ ಸೇರಿಕೊಂಡಿತು. ಅದೇ ಬನವಾಸಿ ನಾಡಿನ ಬಳ್ಳಿಗಾವಿಗೆ ಬನ್ನಿ. ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ ಶಾಸನಗಳ ನಡುವೆ, ಆರನೇ ವಿಕ್ರಮಾದಿತ್ಯನ ಕಾಲದ ಒಂದು ಜಿನಾಲಯಕ್ಕೆ ಬಿಟ್ಟ ದಾನ ಸಿಗುತ್ತೆ. ಅದರ ಕಾಲ ಚಾಲುಕ್ಯ ವಿಕ್ರಮ ವರ್ಷ 2, ಪಿಂಗಳ ಸಂವತ್ಸರ, ಪುಷ್ಯ ಶುದ್ಧ 7, ಆದಿತ್ಯವಾರ, ಉತ್ತರಾಯಣ ಸಂಕ್ರಾಂತಿ. ಶಕವರ್ಷದಲ್ಲಿ ಹೇಳಿದರೆ 999.

ಇದನ್ನು ‘ಇವತ್ತಿನ ಸಂಕ್ರಾಂತಿ’ ಅಂತ ತಿಳಿದು 1078ರ ಜನವರಿ 14 ಅಂತ ಬರೆದರೆ ಏನಾಗುತ್ತೆ? ತಮಾಷೆ ನೋಡಿ, ಆ ದಿನವೂ ಭಾನುವಾರವೇ. ವಾರ ಹೊಂದಿತು ಅಂತ ಖುಷಿಯಾಗಿ ಪೆನ್ನು ಕೆಳಗಿಟ್ಟರೆ ತಪ್ಪು ಹಾಗೇ ಅಚ್ಚಾಗುತ್ತೆ. ಆದರೆ ಚಂದ್ರ ಒಪ್ಪೋದಿಲ್ಲ. ಆ ದಿನ ಬಹುಳ ಪಕ್ಷದ ಕೊನೆ, ಅಮಾವಾಸ್ಯೆಗೆ ಒಂದೆರಡು ದಿನ ಬಾಕಿ. ಶಾಸನ ಹೇಳೋದು ಶುದ್ಧ ಸಪ್ತಮಿ. ನಿಜವಾಗಿ ಹೊಂದುವ ದಿನ 21 ದಿನ ಹಿಂದೆ ಇದೆ: 1077ರ ಡಿಸೆಂಬರ್ 24. ಅಂದು ಭಾನುವಾರ, ಅಂದೇ ಸಪ್ತಮಿ, ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ಅಂದೇ ಮಕರ ಪ್ರವೇಶ. ಮೂರೂ ಒಟ್ಟಿಗೆ ಕೂತವು. ಮೊದಲಿನ ಉತ್ತರದಲ್ಲಿ ತಪ್ಪಿದ್ದು ಮೂರು ವಾರ ಮಾತ್ರ ಅಲ್ಲ, ಇಸವಿಯೇ ಬದಲಾಗಿತ್ತು.

ಇದಕ್ಕೆ ಕಾರಣ ಕಷ್ಟದ್ದೇನಲ್ಲ. ಸೂರ್ಯಸಿದ್ಧಾಂತದ ವರ್ಷ 365.2588 ದಿನ. ಇವತ್ತಿನ ಗ್ರೆಗೋರಿಯನ್ ವರ್ಷ 365.2425 ದಿನ. ವರ್ಷಕ್ಕೆ 0.0163 ದಿನದ ವ್ಯತ್ಯಾಸ ಕೂಡುತ್ತಾ ಹೋದರೆ ಸುಮಾರು 61 ವರ್ಷಕ್ಕೆ ಒಂದು ದಿನ. 1077ಕ್ಕೆ ಹಿಂದೆ ಹೋದರೆ ಸುಮಾರು 15 ದಿನ ಕಳೆಯಬೇಕು, ಡಿಸೆಂಬರ್ 30 ಬರುತ್ತೆ. ಆದರೆ ನಾವು ಆ ಕಾಲದ ತಾರೀಖುಗಳನ್ನು ಬರೆಯೋದು ಜೂಲಿಯನ್ ಕ್ಯಾಲೆಂಡರಿನಲ್ಲಿ. 11ನೇ ಶತಮಾನದಲ್ಲಿ ಎರಡರ ಅಂತರ 6 ದಿನ. ಅದನ್ನೂ ಕಳೆದರೆ 24. ಕಲ್ಯಾಣ ಚಾಲುಕ್ಯರ ಇಡೀ ಆಳ್ವಿಕೆಯಲ್ಲಿ ಮಕರ ಸಂಕ್ರಮಣ ಹೆಚ್ಚುಕಮ್ಮಿ ಡಿಸೆಂಬರ್ 23ರಿಂದ 25ರ ಒಳಗೇ ಬೀಳುತ್ತೆ. ಫ್ಲೀಟ್, ಕೀಲ್‌ಹಾರ್ನ್ ಇದನ್ನು ಕೈಲೆಕ್ಕದಲ್ಲೇ ಮಾಡಿಟ್ಟರು. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳು ಇವೆ. ಇವತ್ತು ಫೋನಿನಲ್ಲೇ ಮಾಡಬಹುದು. ಸಂಕ್ರಮಣ ಸಂಜೆಯ ನಂತರ ಆದರೆ ಪುಣ್ಯಕಾಲ ಮಾರನೇ ದಿನಕ್ಕೆ ಹೋಗುವುದುಂಟು. ಆ ಒಂದು ದಿನದ ಸಡಿಲ ಇಟ್ಟುಕೊಂಡರೆ ಸಾಕು.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಗಲಾಟೆ ಅನ್ನಬಹುದು. ತಿಥಿ–ವಾರ ಹೊಂದದ ಶಾಸನವನ್ನು ‘ಕೂಟಶಾಸನ’ ಅಂತ ಪಕ್ಕಕ್ಕೆ ಇಡುವ ಅಭ್ಯಾಸ ನಮ್ಮಲ್ಲಿದೆ. ಜನವರಿ 14 ಹಿಡಿದು ಲೆಕ್ಕ ಹಾಕಿದವರಿಗೆ ಬಳ್ಳಿಗಾವಿಯ ಈ ಕಲ್ಲಿನ ಸಪ್ತಮಿ ಹೊಂದೋದಿಲ್ಲ. ಆಗ ಅಪರಾಧಿ ಆಗೋದು ಕಲ್ಲು, ಓದಿದವರಲ್ಲ. ಒಂದು ಊರಿನ ಒಂದೇ ಒಂದು ಶಾಸನಕ್ಕೆ ಹೀಗಾದರೆ ಆ ಊರಿನ ಚರಿತ್ರೆಯೇ ಅನುಮಾನಕ್ಕೆ ಬೀಳುತ್ತೆ.

ಇನ್ನೊಂದು ಸೂಕ್ಷ್ಮವೂ ಇದೆ. 1077ರಲ್ಲಿ ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ 15ಕ್ಕೆ. ಶಾಸನದ ‘ಉತ್ತರಾಯಣ’ ಬಂದದ್ದು ಒಂಬತ್ತು ದಿನ ತಡವಾಗಿ. ಇವತ್ತು ಆ ಅಂತರ ಮೂರು ವಾರ ದಾಟಿದೆ. ಎರಡೂ ಒಂದೇ ದಿನ ಬೀಳುತ್ತಿದ್ದದ್ದು ಆರನೇ ಶತಮಾನದ ಆಸುಪಾಸು, ಅಂದರೆ ಪುಲಕೇಶಿಯ ಬಾದಾಮಿ ಬಂಡೆಶಾಸನದ (ಶಕ 465) ಕಾಲಕ್ಕೆ. ಹಾಗಾಗಿ ಬಳ್ಳಿಗಾವಿಯ ಕಲ್ಲಿನಲ್ಲಿರುವ ಉತ್ತರಾಯಣ ಯಾರೋ ಆಕಾಶ ನೋಡಿ ಬರೆದದ್ದಲ್ಲ, ಚಳಿ ನೋಡಿ ಬರೆದದ್ದಂತೂ ಅಲ್ಲ. ಪಂಚಾಂಗ ನೋಡಿ ಬರೆದದ್ದು. ಚಳಿಗೂ ಸೂರ್ಯ ತಿರುಗುವ ದಿನಕ್ಕೂ ನೇರ ಗಂಟಿಲ್ಲ. ಬಿಸಿಲಿಗೆ ಕಾದ ಗೋಡೆ ಸಂಜೆ ಆದಮೇಲೂ ಬಿಸಿ ಇರುವಂತೆ, ನೆಲವೂ ನಿಧಾನವಾಗಿ ತಣಿಯುತ್ತೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರದ್ದು. ಸೂರ್ಯ ತಿರುಗಿ ಮೂರು ವಾರ ಆದಮೇಲೆ! ಹವಾಮಾನ ಇಲಾಖೆಯೂ ಚಳಿಗಾಲ ಅಂತ ಕರೆಯೋದು ಜನವರಿ–ಫೆಬ್ರವರಿಯನ್ನು.

ಈಗ ಕಾವ್ಯಕ್ಕೆ ಬರೋಣ. ಋತುವರ್ಣನೆ ಮಹಾಕಾವ್ಯದ ಲಕ್ಷಣಗಳಲ್ಲಿ ಒಂದು. ದಂಡಿಯ ಕಾವ್ಯಾದರ್ಶದಲ್ಲೇ ಆ ಮಾತಿದೆ. ನಮ್ಮ ಅಷ್ಟಾದಶ ವರ್ಣನೆಗಳಲ್ಲೂ ಋತುವಿಗೆ ಜಾಗ ಇದೆ. ಋತು ಆರು. ಕಾಳಿದಾಸನ ಋತುಸಂಹಾರ ಗ್ರೀಷ್ಮದಿಂದ ಶುರುವಾಗಿ ವಸಂತದಲ್ಲಿ ಮುಗಿಯುತ್ತೆ. ಹೇಮಂತ–ಶಿಶಿರ ಎರಡೂ ಅದರ ಬಾಗಿಲಲ್ಲಿ ನಿಂತಿರುತ್ತವೆ. ಹಿಮಕ್ಕೆ ಸುಟ್ಟ ತಾವರೆ ಅನ್ನೋ ಚಿತ್ರ ಕಾವ್ಯದಿಂದ ಕಾವ್ಯಕ್ಕೆ ನಡೆದು ಬಂತು. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ತಾವರೆ ಸುಡುವಷ್ಟು ಹಿಮ ಬೀಳೋದಿಲ್ಲ. ಹಾಗಂತ ಎಲ್ಲವನ್ನೂ ಸಿದ್ಧ ಅಚ್ಚು ಅಂತ ತಳ್ಳೋದೂ ಸರಿಯಲ್ಲ. ಹೇಮಂತದ ಮಾಗಿದ ಬತ್ತ, ಬೆಳಗಿನ ಮಂಜು ಬನವಾಸಿ ಸೀಮೆಗೆ ಕಣ್ಣಾರೆ ಕಂಡ ಸಂಗತಿಗಳೇ. ಆದರೆ ಬನವಾಸಿಯನ್ನು ನೆನೆದ ಪಂಪ ನೆನೆದದ್ದು ತೆಂಕಣ ಗಾಳಿಯ, ಹೂವಿನ, ಕೋಗಿಲೆಯ ಕಾಲವನ್ನು. ಅದು ಕವಿ ಮಾಡಿಕೊಂಡ ಆಯ್ಕೆ. ಅದೇ ನಾಡಿನ ಶಾಸನ ಪುಷ್ಯಮಾಸವನ್ನು ಹೇಳಿದ್ದು ಆಯ್ಕೆಯ ರುಚಿಯಿಂದಲ್ಲ, ಪುಣ್ಯದ ಲೆಕ್ಕದಿಂದ. ಒಂದನ್ನು ತಂದು ಇನ್ನೊಂದರ ಮೇಲೆ ಹೊದಿಸಬಾರದು.

ಪದಗಳೂ ಮೋಸ ಮಾಡುತ್ತವೆ. ‘ಸುಗ್ಗಿ’ ಹಳಗನ್ನಡ ಕಾವ್ಯದಲ್ಲಿ ವಸಂತ. ಊರ ಮಾತಿನಲ್ಲಿ ಸುಗ್ಗಿ ಅಂದರೆ ಕಟಾವು, ಒಕ್ಕಣೆ, ಕಣ. ಅದು ಸಂಕ್ರಾಂತಿಯ ಆಚೀಚೆ, ಚಳಿ ಇನ್ನೂ ಇರುವಾಗಲೇ. ‘ಮಾಗಿ’ ಮಾಘದಿಂದ ಬಂದ ಪದ ಅಂತಾರೆ, ಆದರೆ ಮಾಗಿ ಚಳಿ ಶುರುವಾಗೋಕೆ ಮಾಘದ ತನಕ ಯಾರೂ ಕಾಯೋದಿಲ್ಲ. ರೈತರಿಗೆ ಮಾಗಿ ಅಂದರೆ ಮಾಗಿ ಉಳುಮೆ, ಹಿಂಗಾರಿ ಜೋಳಕ್ಕೆ ಬೀಳುವ ಇಬ್ಬನಿ, ಅವರೆಕಾಯಿಗೆ ಕೂರುವ ಸೊಗಡು. ಈ ಚಳಿಗಾಲ ಆರರ ಪಟ್ಟಿಯಲ್ಲಿ ಎರಡು ಮನೆಯಾಗಿ ಭಾಗವಾಗೋದಿಲ್ಲ. ಬನವಾಸಿಯ ನಾಗಶಿಲೆಯ ಉದ್ದನೆಯ ಹೇಮಂತಕ್ಕೇ ಅದು ಹತ್ತಿರ.

ಹಾಗಾದರೆ ಶಾಸನಗಳಲ್ಲಿ ಮೈಗೆ ತಾಗುವ ಚಳಿಯೇ ಇಲ್ಲವೇ? ಇದೆ. ಹುಡುಕುವ ಜಾಗ ಬೇರೆ. ಕಾಲ ಹೇಳುವ ಸಾಲನ್ನು ದಾಟಿ, ದಾನದ ಖರ್ಚಿನ ವಿವರಕ್ಕೆ ಬರಬೇಕು. ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ ಎಲ್ಲ ಆದಮೇಲೆ ಕೆಲವು ಶಾಸನಗಳಲ್ಲಿ ಎರಡು ಸಣ್ಣ ಬಾಬತ್ತು ಬರುತ್ತವೆ: ಅರವಟ್ಟಿಗೆ ಮತ್ತು ಅಗ್ಗಿಷ್ಟಿಗೆ. ಬರಹ ಶಾಸನದಿಂದ ಶಾಸನಕ್ಕೆ ಅಷ್ಟಿಷ್ಟು ಬದಲಾಗುತ್ತೆ. ಅರವಟ್ಟಿಗೆ ಬೇಸಗೆಯಲ್ಲಿ ದಾರಿಹೋಕರಿಗೆ ನೀರು. ಅದು ಎಲ್ಲರಿಗೂ ಗೊತ್ತು, ಇವತ್ತಿಗೂ ಮಡಕೆ ಇಡುವ ಊರುಗಳಿವೆ. ಅದರ ಜೋಡಿಯೇ ಅಗ್ಗಿಷ್ಟಿಗೆ, ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳೋಕೆ ಬೆಂಕಿ. ಸೌದೆಗೆ ದುಡ್ಡು ಬೇಕು, ಬೆಂಕಿ ನೋಡಿಕೊಳ್ಳೋಕೆ ಆಳು ಬೇಕು, ಅದಕ್ಕಾಗಿ ಭೂಮಿ ಬೇಕು. ಹೀಗೆ ಚಳಿ ಒಂದು ಬಜೆಟ್ ಬಾಬತ್ತಾಗಿ ಕಲ್ಲಿಗೆ ಹತ್ತಿತು.

ಇಲ್ಲೂ ಎಚ್ಚರ ಬೇಕು. ಅಕ್ಷರ ಸವೆದ ಕಡೆ ‘ಅಗ್ಗಿ’ ಅಂತ ಕಂಡ ಕೂಡಲೇ ಅಗ್ನಿ, ಅಗ್ನಿ ಅಂದ ಕೂಡಲೇ ಹೋಮ ಅಂತ ಅರ್ಥ ಬರೆಯುವ ಅವಸರ ಬೇಡ. ಪಕ್ಕದಲ್ಲಿ ಅರವಟ್ಟಿಗೆ ಇದೆಯಾ ನೋಡಿ. ಇದ್ದರೆ ಅದು ಯಜ್ಞದ ಬೆಂಕಿಯಲ್ಲ, ರಾತ್ರಿ ಊರಿಗೆ ಬಂದು ಜಗಲಿಯಲ್ಲಿ ಮುದುರಿಕೊಂಡವರ ಬೆಂಕಿ. ಇಂಥ ಜನರ ಹೆಸರು ಯಾವ ಶಾಸನದಲ್ಲೂ ಬರೋದಿಲ್ಲ. ಕಾವ್ಯದ ಶಿಶಿರದಲ್ಲಿ ನಲ್ಲ–ನಲ್ಲೆಯರಿಗೆ ಪರಸ್ಪರ ಅಪ್ಪುಗೆ ಇದೆ. ಕಂಬಳಿ ಇಲ್ಲದವರಿಗೆ ಅಲ್ಲಿ ಜಾಗ ಕಡಿಮೆ. ಅವರು ಇದ್ದರು ಅನ್ನೋದಕ್ಕೆ ಈ ಒಂದು ಪದ ಸಾಕ್ಷಿ. ಅದನ್ನು ಹೋಮ ಅಂತ ಓದಿದರೆ ಅವರು ಎರಡನೇ ಸಲ ಹೊರಗೆ ಉಳಿಯುತ್ತಾರೆ.

ಆದ್ದರಿಂದ ಶಾಸನ ಓದುವ ಗೆಳೆಯರಲ್ಲಿ ಕೇಳಿಕೊಳ್ಳೋದು ಇಷ್ಟೆ. ಕಾಲದ ಸಾಲಿನಲ್ಲಿ ‘ಉತ್ತರಾಯಣ ಸಂಕ್ರಾಂತಿ’ ಸಿಕ್ಕರೆ ಲೆಕ್ಕ ಹಾಕಿ. ತಿಥಿ, ವಾರ, ಸಂಕ್ರಮಣ ಮೂರೂ ಕೂಡಿದ ಮೇಲೆ ಮಾತ್ರ ತಾರೀಖು ಬರೆಯಿರಿ. ವಾರ ಒಂದೇ ಹೊಂದಿದರೆ ನಂಬಬೇಡಿ. ಅಲ್ಲಿ ಮಂಜು, ಸುಗ್ಗಿ, ಸೊಬಗು ಹುಡುಕಬೇಡಿ, ಅವು ಕವಿಗಳ ಬಳಿ ಇವೆ, ಅಲ್ಲೇ ಓದಿ ಸವಿಯಿರಿ. ಆಮೇಲೆ ಶಾಸನದ ಉಳಿದ ಸಾಲುಗಳನ್ನೂ ಬಿಡದೆ ಓದಿ. ಸಾರಾಂಶ ಕೊಡುವಾಗ ‘ಇತ್ಯಾದಿ ಧರ್ಮಕಾರ್ಯಗಳಿಗೆ’ ಅಂತ ನಾವು ಮುಗಿಸಿಬಿಡುವ ಆ ‘ಇತ್ಯಾದಿ’ಯೊಳಗೇ ಎಷ್ಟೋ ಸಲ ಅಗ್ಗಿಷ್ಟಿಗೆಯ ಬೆಂಕಿ ಉಳಿದುಬಿಟ್ಟಿರುತ್ತೆ.