ಪ್ರಮಾಣವಿಲ್ಲದ ಶರಣಾಗತಿ: ಕಗ್ಗದ ಮೊದಲ ಮೂರು ಪದ್ಯಗಳು

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾದಂದಿನಿಂದ ಗಳಿಸಿಕೊಂಡ ಜನಪ್ರೀತಿಯನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಬೆಂಗಳೂರಿನ ಬಸವನಗುಡಿಯಿಂದ ಜಯನಗರ, ಬನಶಂಕರಿಗಳವರೆಗೆ ನಡೆಯುವ ಕಗ್ಗದ ಉಪನ್ಯಾಸಗಳಲ್ಲಿ ಅದರ 945 ಪದ್ಯಗಳನ್ನು ಸಂಶಯಗಳಿಗೆಲ್ಲ ಸಿದ್ಧ ಉತ್ತರ ಕೊಡುವ ಆಸ್ತಿಕ ಗ್ರಂಥವೆಂಬಂತೆ ಓದುವ ರೂಢಿ ಬಲವಾಗಿದ್ದು, ಇದರಿಂದ ಕೃತಿಗೆ ಸಲ್ಲದ ಕೀರ್ತಿ ಸಂದಿದೆ, ಸಲ್ಲಬೇಕಾದದ್ದು ತಪ್ಪಿದೆ.

ಮೊದಲ ಮೂರು ಪದ್ಯಗಳೇ ಇದಕ್ಕೆ ಸಾಕ್ಷಿ. ಮೊದಲನೆಯದು ವಿಷ್ಣು, ಸರ್ವೇಶ, ಪರಬ್ರಹ್ಮ ಮುಂತಾದ ಹೆಸರುಗಳನ್ನು ಸಾಲಾಗಿ ಹೇಳಿ, ಜನರು ಕಣ್ಣಿಗೆ ಕಾಣದಿದ್ದರೂ ಅಕ್ಕರೆಯಿಂದ ನಂಬಿಕೊಂಡು ಬಂದಿರುವ ವಿಚಿತ್ರಕ್ಕೆ ಕೈಮುಗಿಯಲು ಹೇಳುತ್ತದೆ. ಎರಡನೆಯದು ಜೀವ ಜಡಗಳೆರಡನ್ನೂ ವ್ಯಾಪಿಸಿದ ಏನೋ ಒಂದರ ಲಕ್ಷಣಗಳನ್ನು ಕೊಡುತ್ತದೆ, ಆದರೆ ಒಂದೊಂದಕ್ಕೂ ‘ಅಂತೆ’ಯನ್ನು ಸೇರಿಸಿ, ಅವೆಲ್ಲ ಕೇಳಿದ ಮಾತುಗಳೆಂದು ಒಪ್ಪಿಕೊಂಡೇ ಕೊಡುತ್ತದೆ. ಮೂರನೆಯದು ಇನ್ನೂ ಮುಂದೆ ಹೋಗಿ, ಇರುವುದೋ ಇಲ್ಲದಿರುವುದೋ ಎಂಬುದನ್ನೇ ಅರಿಯಲು ಬಿಡದ ತತ್ತ್ವವು ಜಗತ್ತಾಗಿ ಜೀವದ ವೇಷದಲ್ಲಿ ವಿಹರಿಸುತ್ತಿದೆ, ಅದು ಒಳಿತೇ ಆಗಿದೆ ಎಂಬುದು ನಿಜವಾದ ಪಕ್ಷದಲ್ಲಿ ಅದಕ್ಕೆ ಶರಣಾಗಬೇಕೆನ್ನುತ್ತದೆ. ಮೂರರಲ್ಲೂ ವಿಧಿಯಿದೆ, ಒಂದರಲ್ಲೂ ಹೇತುವಿಲ್ಲ. ಕೊನೆಯದರಲ್ಲಂತೂ ವಿಧಿಯೇ ಷರತ್ತಿಗೆ ಒಳಪಟ್ಟಿದೆ.

ಕವಿ ಬೇಕೆಂದೇ ತೆರವಾಗಿ ಬಿಟ್ಟ ಈ ಜಾಗದಲ್ಲಿ ವ್ಯಾಖ್ಯಾನಕಾರರು ಕುಂಬಾರನನ್ನು ತಂದು ಕೂರಿಸುತ್ತಾರೆ. ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವೊಬ್ಬನಿರಬೇಕೆಂಬ ಈ ವಾದಕ್ಕೆ ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ಪ್ರಮಾಣ, ಆಧಾರವಾಗಿದ್ದು, ಹತ್ತನೆಯ ಶತಮಾನದ ಉದಯನನ ‘ನ್ಯಾಯಕುಸುಮಾಂಜಲಿ’ ಅದನ್ನು ಶಾಸ್ತ್ರೀಯವಾಗಿ ಮಂಡಿಸಿದೆ. ಇದನ್ನು ಒಡೆದವರು ನಾಸ್ತಿಕರು ಮಾತ್ರವಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರೇ ಶ್ರೀಭಾಷ್ಯದಲ್ಲಿ, ಜಗತ್ತೆಲ್ಲ ಒಂದೇ ಕಾಲದಲ್ಲಿ ಒಬ್ಬನೇ ಕರ್ತೃವಿನಿಂದ ಆಯಿತೆಂಬುದಕ್ಕೆ ಆಧಾರವೇನೆಂದೂ, ಲೋಕದಲ್ಲಿ ಕಾಣುವ ಕರ್ತೃಗಳಿಗೆಲ್ಲ ಶರೀರವಿರುವಾಗ ಅಶರೀರನಾದ ಕರ್ತೃವನ್ನು ಊಹಿಸುವುದು ಹೇಗೆಂದೂ ಆಕ್ಷೇಪವೆತ್ತಿ, ಬ್ರಹ್ಮವನ್ನು ತಿಳಿಯಲು ಶಾಸ್ತ್ರವೊಂದೇ ದಾರಿಯೆಂದು ನಿರ್ಣಯಿಸಿದರು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದೇ ಬಗೆಯ ಆಕ್ಷೇಪಗಳನ್ನು ಬರೆದ ಸಂವಾದಗ್ರಂಥ ಅಚ್ಚಾದದ್ದು ಶತಮಾನಗಳ ಬಳಿಕ, 1779ರಲ್ಲಿ. ಭಕ್ತಿಪಂಥದ ಆಚಾರ್ಯರೇ ಕೈಬಿಟ್ಟ ಊರುಗೋಲನ್ನು ಭಕ್ತಿಯ ಹೆಸರಿನಲ್ಲಿ ಕಗ್ಗದ ಕೈಗೆ ಕೊಡುವುದರಲ್ಲಿ ಅರ್ಥವಿಲ್ಲ.

ಮೂರನೆಯ ಪದ್ಯದ ಷರತ್ತನ್ನು ಅಳುಕೆಂದು ತಳ್ಳಿಹಾಕುವ ವಿಚಾರವಾದಿ ವಿಮರ್ಶೆ, ಅದನ್ನು ಫ್ರಾನ್ಸಿನ ಪಾಸ್ಕಲ್‌ನ ಪಣದೊಂದಿಗೆ ಹೋಲಿಸುವ ಪಾಂಡಿತ್ಯ, ಎರಡೂ ಗುರಿ ತಪ್ಪಿವೆ. ದೇವರಿದ್ದರೆ ನಂಬಿದವನಿಗೆ ಅನಂತ ಲಾಭ, ಇಲ್ಲದಿದ್ದರೆ ನಷ್ಟ ಅಲ್ಪ ಎಂಬುದು ಪಾಸ್ಕಲ್‌ನ ಲೆಕ್ಕ. ಡಿವಿಜಿಯವರ ಪದ್ಯದಲ್ಲಿ ಶರಣಾದವನಿಗೆ ಏನೂ ಸಿಗುವುದಿಲ್ಲ, ಶರಣಾಗದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಇನ್ನು ಅಳುಕಿನ ಆರೋಪ. ಅನುಮಾನವನ್ನು ಬಿಟ್ಟ ರಾಮಾನುಜರ ಕೈಯಲ್ಲಿ ಶಾಸ್ತ್ರವಾದರೂ ಉಳಿದಿತ್ತು. ಕಗ್ಗವು ಈ ಆರಂಭದಲ್ಲಿ ಶಾಸ್ತ್ರದ ಮಾತನ್ನೂ ‘ಅಂತೆ’ಯ ಒಳಗೆ ಇಟ್ಟುಬಿಡುತ್ತದೆ. ಅಲ್ಲಿಗೆ ಉಳಿಯುವುದು ಮೊದಲ ಪದ್ಯ ಹೇಳಿದ ಅಕ್ಕರೆಯೊಂದೇ, ಮತ್ತು ವೈಯಕ್ತಿಕ ಶ್ರದ್ಧೆಯನ್ನು ಇಷ್ಟು ನಿರಾಯುಧವಾಗಿ ನಿಲ್ಲಿಸುವ ಧೈರ್ಯ ಆಧುನಿಕ ಕನ್ನಡದಲ್ಲಿ ಅಪರೂಪ.

ಈ ಬಿಗಿ ಕೃತಿಯ ಉದ್ದಕ್ಕೂ ಉಳಿದಿದೆಯೆಂದು ಹೇಳಲಾಗದು. ಲೋಕದ ನೋವನ್ನು ಬ್ರಹ್ಮದ ಲೀಲೆಯೆಂದು ಸಮಾಧಾನಪಡಿಸುವ ಮುಂದಿನ ಹಲವು ಪದ್ಯಗಳಲ್ಲಿ ಷರತ್ತು ಸಡಿಲಗೊಂಡು ಸಿದ್ಧಾಂತವು ಕವಿತೆಯನ್ನು ಮೀರುತ್ತದೆ, ಉಪನ್ಯಾಸಗಳಿಗೆ ಹೆಚ್ಚು ಒದಗುವವೂ ಅವೇ. ಕಗ್ಗವನ್ನು ಹೇಳುವವರು ಮುಂದಿನ ಪದ್ಯಗಳ ಸಮಾಧಾನವನ್ನು ಮೊದಲಿನವಕ್ಕೆ ಹೊರಿಸದೆ, ಮೂರನೆಯ ಪದ್ಯದ ಷರತ್ತನ್ನು ಷರತ್ತಾಗಿಯೇ ಕೇಳುಗರ ಮುಂದಿಡಬೇಕು.