‘ನ್ನೆಕಾ’ ಎಂಬ ಹೆಸರು

ಆಗ್ನೇಯ ನೈಜೀರಿಯದ ಇಗ್ಬೋ ಜನರು ಹೆಣ್ಣುಮಕ್ಕಳಿಗಿಡುವ ‘ನ್ನೆಕಾ’ ಎಂಬ ಹೆಸರು ಒಂದು ಪೂರ್ಣವಾಕ್ಯವೇ ಸರಿ. ‘ನ್ನೆ’ ಎಂದರೆ ತಾಯಿ. ‘ಕಾ’ ಎಂದರೆ ಮಿಗಿಲು. ಚಿನುವಾ ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯು ಈ ವಾಕ್ಯವನ್ನು ಮೂರು ಸಲ ಒರೆಗೆ ಹಚ್ಚುತ್ತದೆ.

ಕೈತಪ್ಪಿನಿಂದ ಕುಲಬಾಂಧವನೊಬ್ಬನನ್ನು ಕೊಂದ ಒಕೊಂಕ್ವೊ ತಾಯಿಯ ತವರಾದ ಎಂಬಾಂಟಾದಲ್ಲಿ ಏಳು ವರ್ಷ ಕಳೆಯಬೇಕಾಗುತ್ತದೆ. ಮನೆಗೆ ತಂದೆಯೇ ಯಜಮಾನನಾಗಿರಲು ಈ ಹೆಸರೇಕೆ ಎಂದು ಸೋದರಮಾವ ಉಚೆಂಡು ಕೇಳಿದಾಗ ಆತ ನಿರುತ್ತರನಾಗುತ್ತಾನೆ. ಸುಖಕ್ಕೆ ತಂದೆಯ ನಾಡು, ದುಃಖಕ್ಕೆ ತಾಯಿಯ ನಾಡು ಎಂಬುದು ವೃದ್ಧನ ವಿವರಣೆ. ಅಲ್ಲಿ ಹುಟ್ಟಿದ ಮಗಳಿಗೆ ಒಕೊಂಕ್ವೊ ನ್ನೆಕಾ ಎಂದೇ ಹೆಸರಿಡುತ್ತಾನೆ. ಅದು ಬಂಧುಗಳ ಮೇಲಿನ ದಾಕ್ಷಿಣ್ಯ. ಎರಡು ವರ್ಷಗಳ ತರುವಾಯ ಮಗನನ್ನು ‘ನ್ವೊಫಿಯಾ’, ಅಂದರೆ ಕಾಡಿನಲ್ಲಿ ಹುಟ್ಟಿದವನು, ಎಂದು ಕರೆದಾಗ ಅವನ ಅಂತರಂಗ ಬಯಲಾಗುತ್ತದೆ: ಆಶ್ರಯವಿತ್ತ ನೆಲವೇ ಅವನಿಗೆ ಅರಣ್ಯ.

ಮೂರನೆಯ ಒರೆ ಇನ್ನೂ ಕಠಿಣವಾದುದು. ಆ ಊರಿನ ಗೃಹಿಣಿಯೊಬ್ಬಳ ಹೆಸರೂ ನ್ನೆಕಾ. ನಾಲ್ಕು ಸಲ ಆಕೆ ಹೆತ್ತ ಅವಳಿಜವಳಿ ಕೂಸುಗಳನ್ನು ಕುಲಾಚಾರ ಹೊರಗೆಸೆದಿದೆ. ತುಂಬುಗರ್ಭಿಣಿಯಾದ ಆಕೆಯೇ ಅಲ್ಲಿ ಕ್ರೈಸ್ತರನ್ನು ಸೇರಿದ ಮೊದಲ ಹೆಂಗಸು. ತಾಯಿಯನ್ನು ಹೆಸರಿನಲ್ಲಿ ಮೇಲೇರಿಸಿದ ಸಮಾಜವೇ ಅವಳ ಮಡಿಲನ್ನು ಬರಿದುಮಾಡಿತ್ತು.

ಒಕೊಂಕ್ವೊವಿನ ಪತನವೊಂದನ್ನೇ ಕಾಣುವ ವಿಮರ್ಶೆಗೆ ಈ ಎಳೆ ದಕ್ಕಲಾರದು. ಪರಕೀಯರ ಆಘಾತಕ್ಕೆ ಮುನ್ನವೇ ಹೆಸರಿಗೂ ನಡತೆಗೂ ನಡುವೆ ಬಿರುಕು ಬಿದ್ದಿತ್ತು.