ಪುಸ್ತಕ ಉಂಟು, ಬಿಡುವಿಲ್ಲ

ಊರಿಗೊಂದು ಗ್ರಂಥಾಲಯ ಕಟ್ಟಿಸಿದವರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಹಾಗಾಗಿ ಆ್ಯಂಡ್ರೂ ಕಾರ್ನೆಗಿಯ 'ವೆಲ್ತ್' ಪ್ರಬಂಧವನ್ನು ಕೈಗೆತ್ತಿಕೊಂಡಾಗ ನಾನು ಅವನ ಪರವಾಗಿಯೇ ಇದ್ದೆ. ಅವನ ಹಣದಿಂದ ಜಗತ್ತಿನಲ್ಲಿ ಎದ್ದ ಗ್ರಂಥಾಲಯಗಳು 2,509. 1889ರ ಜೂನ್‌ನಲ್ಲಿ 'ನಾರ್ತ್ ಅಮೆರಿಕನ್ ರಿವ್ಯೂ' ಪತ್ರಿಕೆಯಲ್ಲಿ ಬಂದ ಈ ಬರಹ ಮುಂದೆ 'ಸಂಪತ್ತಿನ ಸುವಾರ್ತೆ' ಎಂಬರ್ಥದ ಹೆಸರಿನಿಂದ ಪ್ರಸಿದ್ಧವಾಯಿತು. ಎರಡನೆಯ ಸಲ ಓದುವಾಗ ಮಾತ್ರ ಅದರಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸತೊಡಗಿತು.

ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡೋಣ. ಮಕ್ಕಳಿಗೆ ಅಪಾರ ಆಸ್ತಿ ಬಿಟ್ಟುಹೋಗುವುದು ಅವರಿಗೇ ಕೇಡು ಎನ್ನುತ್ತಾನೆ ಕಾರ್ನೆಗಿ. ಸತ್ತ ಮೇಲೆ ದಾನವಾಗಲಿ ಎಂದು ಉಯಿಲು ಬರೆದಿಟ್ಟರೂ ಸಾಲದು, ಬದುಕಿರುವಾಗಲೇ ತಾನೇ ನಿಂತು ಜನರ ಒಳಿತಿಗೆ ಖರ್ಚು ಮಾಡಬೇಕು. ಸಿರಿವಂತರು ಸತ್ತಾಗ ಅವರ ಆಸ್ತಿಯ ಮೇಲೆ ಭಾರಿ ತೆರಿಗೆ ಹಾಕುವುದಕ್ಕೂ ಅವನ ಬೆಂಬಲವಿದೆ. ಇಂದಿನ ಎಷ್ಟು ಮಂದಿ ಕೋಟ್ಯಧಿಪತಿಗಳು ಈ ಮಾತಾಡಿಯಾರು? ಅವನಾದರೋ ಹೇಳಿದಂತೆ ನಡೆದ. ಆಸ್ತಿಯ ಬಹುಪಾಲನ್ನು ಸಾಯುವ ಮೊದಲೇ ಕೊಟ್ಟುಬಿಟ್ಟ.

ತೊಡಕಿರುವುದು ಬರಹದ ಒಳಗೆ. ಕೊಡುವ ಮಾತು ಬಂದಾಗ ಶ್ರೀಮಂತನೇ ಕರ್ತೃ: ಅವನು ಯೋಚಿಸುತ್ತಾನೆ, ಆರಿಸುತ್ತಾನೆ, ಹಂಚುತ್ತಾನೆ. ಗಳಿಸುವ ಮಾತು ಬಂದಾಗ ಮನುಷ್ಯರು ಮರೆಯಾಗಿ 'ಸ್ಪರ್ಧೆಯ ನಿಯಮ' ಮುಂದೆ ಬರುತ್ತದೆ. ನಿಯಮ ಕೆಲವರನ್ನು ತುಳಿದರೂ ಕುಲಕ್ಕೆ ಒಳ್ಳೆಯದು ಎಂಬುದು ಅವನ ವಾದ. ಅದೇ ಹಣ ಸಣ್ಣ ಸಣ್ಣ ಮೊತ್ತವಾಗಿ ಜನರ ಕೈಗೆ ಹೋಗಿದ್ದರೆ ಬಹುಪಾಲು ಬಾಯಿಚಪಲಕ್ಕೇ ಪೋಲಾಗುತ್ತಿತ್ತಂತೆ. ಆ ಸಣ್ಣ ಮೊತ್ತಕ್ಕೆ ಕೂಲಿ ಎಂಬ ಹೆಸರೂ ಇರಬಹುದಲ್ಲ ಎಂದು ನನಗೆ ಇಲ್ಲಿ ಹೊಳೆಯಿತು.

ಪ್ರಬಂಧ ಬಂದ ಮರುತಿಂಗಳೇ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿದ್ದ ಅವನ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ನಡೆದು, ಕಾರ್ಮಿಕ ಸಂಘದೊಂದಿಗೆ ಮೂರು ವರ್ಷದ ಒಪ್ಪಂದವಾಯಿತು. 1892ರಲ್ಲಿ ಅದು ಮುಗಿಯುವಾಗ ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದ. ಕಂಪನಿಯ ಹೊಣೆ ಹೊತ್ತಿದ್ದ ಹೆನ್ರಿ ಫ್ರಿಕ್ ಕಾರ್ಖಾನೆಯ ಸುತ್ತ ಬೇಲಿ ಹಾಕಿಸಿ ಲಾಕೌಟ್ ಮಾಡಿದ. ಜುಲೈ 6ರಂದು ಸುಮಾರು 300 ಪಿಂಕರ್ಟನ್ ಕಾವಲುಗಾರರನ್ನು ಹೊತ್ತ ದೋಣಿಗಳು ಮೊನೊಂಗಹೀಲಾ ನದಿಯ ದಡ ಮುಟ್ಟಿದವು. ಗುಂಡು ಹಾರಿತು, ಎರಡೂ ಕಡೆ ಜನ ಸತ್ತರು. ರಾಜ್ಯದ ಸೇನೆ ಬಂತು, ನವೆಂಬರ್ ಹೊತ್ತಿಗೆ ಮುಷ್ಕರ ಮುರಿಯಿತು, ಸಂಘ ಹೊರಬಿತ್ತು, ಹನ್ನೆರಡು ಗಂಟೆಯ ಪಾಳಿ ಬೇರೂರಿತು. 1886ರಲ್ಲಿ 'ಫೋರಂ' ಪತ್ರಿಕೆಯಲ್ಲಿ ಕಾರ್ಮಿಕರ ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದು ಬರೆದವನೂ ಇದೇ ಕಾರ್ನೆಗಿ. 1898ರಲ್ಲಿ ಅದೇ ಊರಿನಲ್ಲಿ ಅವನ ಗ್ರಂಥಾಲಯ ತೆರೆಯಿತು.

ಅವನನ್ನು ಬರೀ ಕಪಟಿ ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಅವನ ಅಪ್ಪ ಡನ್‌ಫರ್ಮ್‌ಲಿನ್‌ನ ಕೈಮಗ್ಗದ ನೇಕಾರ. ಉಗಿ ಮಗ್ಗಗಳು ಬಂದು ಆ ಕಸುಬು ನೆಲಕಚ್ಚಿದಾಗ, 1848ರಲ್ಲಿ, ಸಂಸಾರ ಅಮೆರಿಕಕ್ಕೆ ಹೊರಟಿತು. ಅಲ್ಲಿ ಈ ಹುಡುಗ ಹತ್ತಿ ಗಿರಣಿಯಲ್ಲಿ ವಾರಕ್ಕೆ 1.20 ಡಾಲರಿಗೆ ದುಡಿದ. ಕರ್ನಲ್ ಆ್ಯಂಡರ್ಸನ್ ಎಂಬುವರು ದುಡಿಯುವ ಹುಡುಗರಿಗಾಗಿ ಶನಿವಾರಗಳಂದು ತಮ್ಮ ಪುಸ್ತಕಗಳನ್ನು ತೆರೆದಿಡುತ್ತಿದ್ದರು. ಆ ಉಪಕಾರವನ್ನು ಕಾರ್ನೆಗಿ ಕೊನೆಯವರೆಗೂ ನೆನೆದ. ಗ್ರಂಥಾಲಯಗಳ ಬೇರು ಅಲ್ಲಿದೆ.

ಆದರೆ ಆ ಹುಡುಗನಿಗೆ ಪುಸ್ತಕದ ಜೊತೆಗೆ ಓದಲು ಒಂದಿಷ್ಟು ಹೊತ್ತೂ ಸಿಕ್ಕಿತ್ತು. ಹನ್ನೆರಡು ಗಂಟೆ ಕುಲುಮೆಯೆದುರು ಬೆಂದು ಬಂದವನು ಯಾವಾಗ ಪುಸ್ತಕ ಬಿಡಿಸುತ್ತಾನೆ? ಪ್ರಬಂಧ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕಾರ್ಖಾನೆಯೊಳಗೆ ಅದನ್ನು ಕೇಳಬಹುದಾಗಿದ್ದ ಸಂಘ, ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಉಳಿದಿರಲಿಲ್ಲ.